ಕಾಡಂಚಿನ ಮನೆಗೆ ಬೇಸಿಗೆಯ ತಯಾರಿ: ಕಿಡಿ ಒಳಗೆ ಬರಬಾರದು, ಧರೆ ಕೆಳಗೆ ಬರಬಾರದು

ಬೆಟ್ಟಕ್ಕೆ ಬೆಂಕಿ ಬಿದ್ದಾಗ ಎಲ್ಲರ ಕಣ್ಣೂ ಜ್ವಾಲೆಯ ಮೇಲಿರುತ್ತದೆ. ಮನೆ ಸುಡುವುದು ಮಾತ್ರ ಹೆಚ್ಚಾಗಿ ಕಿಡಿಯಿಂದ. ಗಾಳಿಗೆ ಎದ್ದ ಉರಿಯುವ ತರಗೆಲೆ, ಬಿದಿರಿನ ಸಿಬಿರು, ತೊಗಟೆಯ ಚೂರು ನೂರಾರು ಮೀಟರ್ ಹಾರಿ ಬಂದು ಸೂರಿನ ಸಂದಿಯಲ್ಲೋ ಅಂಗಳದ ಸೋಗೆಯ (ಒಣಗಿದ ಅಡಿಕೆ ಗರಿಯ) ಮೇಲೋ ಕೂರುತ್ತವೆ. ಬೆಂಕಿಯ ಸಾಲು ದಾಟಿ ಹೋಗಿ, ಊರವರೆಲ್ಲ ನೀರು ಕುಡಿದು ಕೂತ ಒಂದೆರಡು ತಾಸಿನ ಮೇಲೆ ಅಟ್ಟದಲ್ಲಿ ಹೊಗೆ ಏಳುವುದು ಇದಕ್ಕೇ. ಕ್ಯಾಲಿಫೋರ್ನಿಯಾ ಮತ್ತು ಆಸ್ಟ್ರೇಲಿಯಾದ ದೊಡ್ಡ ಬೆಂಕಿಗಳ ನಂತರ ಪರಿಶೀಲನೆಗೆ ಹೋದವರಿಗೂ ಇಂಥ ದೃಶ್ಯ ಮತ್ತೆ ಮತ್ತೆ ಸಿಕ್ಕಿದೆ: ಪಕ್ಕದ ಮರ ಹಸಿರಾಗಿಯೇ ನಿಂತಿದೆ, ಮನೆ ಬೂದಿಯಾಗಿದೆ.

ಅಲ್ಲಿಗೆ ಹೋಲಿಸಿದರೆ ನಮ್ಮ ಸಹ್ಯಾದ್ರಿಯ ಬೆಂಕಿ ಬಹುಮಟ್ಟಿಗೆ ನೆಲಬೆಂಕಿ. ತರಗೆಲೆಯಲ್ಲಿ ಮೊಣಕಾಲಿನಿಂದ ಸೊಂಟದ ಎತ್ತರಕ್ಕೆ ಉರಿಯುತ್ತದೆ. ಕರಡದ ಹುಲ್ಲು, ಲಂಟಾನ ಸಿಕ್ಕರೆ ಆಳೆತ್ತರ ಮೀರುತ್ತದೆ. ಮರದ ತುದಿಯಿಂದ ತುದಿಗೆ ಹಾರಿ ಹೋಗುವುದು ಅಪರೂಪ. ಹಾಗಾಗಿ ಸರಿಯಾಗಿ ತಯಾರಾದ ಮನೆಯನ್ನು ಉಳಿಸಿಕೊಳ್ಳಲು ಸಾಧ್ಯ. ಆದರೆ ನಮಗೆ ಇನ್ನೊಂದು ತೊಡಕಿದೆ. ಬೆಂಕಿಗೆಂದು ಮಾರ್ಚ್‌ನಲ್ಲಿ ಬೋಳು ಮಾಡಿದ ಇಳಿಜಾರಿನ ಮೇಲೆ ಜೂನ್‌ನಿಂದ ನಾಲ್ಕು ತಿಂಗಳು ಮಳೆ ಸುರಿಯುತ್ತದೆ. 2018ರ ಆಗಸ್ಟ್‌ನ ಕೊಡಗು, 2024ರ ಜುಲೈನ ಅಂಕೋಲಾದ ಶಿರೂರು ನೆನಪಿರುವವರಿಗೆ ಗುಡ್ಡ ಇಳಿಯುವುದೆಂದರೆ ಏನೆಂದು ವಿವರಿಸಬೇಕಿಲ್ಲ. ಇಲ್ಲಿ ಹೇಳಿರುವ ನೆಲದ ಕೆಲಸವನ್ನೆಲ್ಲ ಈ ಎರಡು ಲೆಕ್ಕ ಇಟ್ಟುಕೊಂಡೇ ಮಾಡಬೇಕು. ಉತ್ತರ ಕನ್ನಡದಿಂದ ಕೊಡಗಿನವರೆಗಿನ ಕಾಡಂಚಿನ ಒಂಟಿ ಮನೆ, ತೋಟದ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು.

ಮೊದಲು ಒಂದು ಸುತ್ತು

ಡಿಸೆಂಬರ್ ಕೊನೆಗೆ, ಹುಲ್ಲು ಹಳದಿಯಾಗುವ ಹೊತ್ತಿಗೆ, ಮನೆಯನ್ನು ಒಂದು ಸುತ್ತು ಹಾಕಿ. ಕೈಯಲ್ಲಿ ಚೀಟಿ ಇರಲಿ. ಮುಖ್ಯವಾಗಿ ನೋಡಬೇಕಾದ್ದು ಇಳಿಜಾರು ಯಾವ ಕಡೆಗಿದೆ ಎಂಬುದನ್ನು. ಬೆಂಕಿ ಏರಿನಲ್ಲಿ ಓಡುತ್ತದೆ, ಇಳಿಜಾರಿನಲ್ಲಿ ತೆವಳುತ್ತದೆ. ಏರು 10 ಡಿಗ್ರಿ ಹೆಚ್ಚಿದರೆ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೆಂಕಿ ನಂದಿಸುವವರು ಬಳಸುವ ಅಂದಾಜು. 20 ಡಿಗ್ರಿಗೆ ನಾಲ್ಕು ಪಟ್ಟು. ಜ್ವಾಲೆ ಮೇಲಿನ ಹುಲ್ಲಿನತ್ತ ವಾಲಿ ಅದನ್ನು ಮೊದಲೇ ಒಣಗಿಸಿಟ್ಟಿರುತ್ತದೆ. ಜೊತೆಗೆ ಬಿಸಿಲೇರಿದ ಮೇಲೆ ಗಾಳಿಯೂ ಕಣಿವೆಯಿಂದ ಮೇಲಕ್ಕೆ ಬೀಸುತ್ತದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತದ್ದು ಇಂಥ ಒಣಹುಲ್ಲಿನ ಇಳಿಜಾರಿನಲ್ಲಿ. ಮನೆಯ ಕೆಳಗೆ ಇಳಿಜಾರಿದ್ದು ಅಲ್ಲಿ ಹುಲ್ಲೋ ಅಕೇಶಿಯಾ ನೆಡುತೋಪೋ ಇದ್ದರೆ ಅಪಾಯ ಬರುವುದು ಆ ಕಡೆಯಿಂದ. ಹಿಂಬದಿಯಲ್ಲಿ ಧರೆ (ಕಡಿದಾದ ಮಣ್ಣಿನ ದಿಬ್ಬ), ಅದರ ಮೇಲೆ ಕಾಡು ಇದ್ದರೆ ಬೆಂಕಿ ನಿಧಾನವಾಗಿ ಇಳಿಯುತ್ತದೆ, ಆದರೆ ಉರಿಯುವ ಕೊರಡು ಉರುಳಿ ಬರುತ್ತದೆ.

ಬಿದಿರು ಬಿದಿರಿಗೆ ಉಜ್ಜಿ ಬೆಂಕಿ ಹುಟ್ಟುತ್ತದೆ ಎಂಬ ಮಾತನ್ನು ತಯಾರಿಯ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಮ್ಮ ಕಾಡುಗಳಲ್ಲಿ ಬೆಂಕಿ ಹಚ್ಚುವುದು ಹೆಚ್ಚುಕಡಿಮೆ ಪ್ರತಿ ಸಲವೂ ಮನುಷ್ಯರೇ: ಹೊಸ ಹುಲ್ಲು ಚಿಗುರಲೆಂದು, ಜೇನು ಬಿಡಿಸಲು, ಬೀಡಿ ಎಸೆದು, ಇಲ್ಲವೇ ನಮ್ಮದೇ ತೋಟದ ಕಸಕ್ಕೆ ಕಡ್ಡಿ ಗೀರಿ. ಗೊಬ್ಬರಕ್ಕೆಂದು ಕಸದೊಂದಿಗೆ ಮಣ್ಣು ಸುಡುವ ಸುಡುಮಣ್ಣಿನ ರಾಶಿಯಂತೂ ಮೇಲೆ ಆರಿದಂತೆ ಕಂಡು ಒಳಗೆ ದಿನಗಟ್ಟಲೆ ಕುದಿಯುತ್ತಿರುತ್ತದೆ; ಸಂಜೆ ಗಾಳಿ ಎದ್ದರೆ ಬಾಯಿ ತೆರೆಯುತ್ತದೆ. ಸುಡುಮಣ್ಣು ಮಾಡಲೇಬೇಕಿದ್ದರೆ ಡಿಸೆಂಬರ್ ಒಳಗೆ ಮುಗಿಸಿ. ಸಂಕ್ರಾಂತಿಯ ನಂತರ ಬೇಡ.

ಗೋಡೆಯಿಂದ ಮೊದಲ ಐದು ಅಡಿ

ದುಡ್ಡು, ಸಮಯ ಎರಡೂ ಕಡಿಮೆ ಇದ್ದರೆ ಇದೊಂದನ್ನೇ ಮಾಡಿ. ಗೋಡೆಯಿಂದ 1.5 ಮೀಟರ್ ಒಳಗೆ ಉರಿಯುವ ವಸ್ತು ಯಾವುದೂ ಇರಬಾರದು. ನಮ್ಮ ಮನೆಗಳಲ್ಲಿ ಈ ಪಟ್ಟಿಯಲ್ಲಿ ಏನೇನು ಇರುತ್ತದೆ ನೋಡಿ: ಬಚ್ಚಲ ಒಲೆಗೆಂದು ಗೋಡೆಗೆ ಒರಗಿಸಿದ ಕಟ್ಟಿಗೆ, ಮಳೆಗಾಲದಲ್ಲಿ ಇರಚಲಿಗೆ ಕಟ್ಟಿ ಬಿಚ್ಚದೆ ಬಿಟ್ಟ ಸೋಗೆ ತಟ್ಟಿ, ಖಾಲಿ ಗೋಣಿಚೀಲದ ಕಟ್ಟು, ಅಡಿಕೆ ಹಾಳೆಯ ಪೇರಿಕೆ, ಹಿತ್ತಲ ಬಾಗಿಲಲ್ಲಿ ಕಡ್ಡಿ ಪೊರಕೆ, ಹೆಬ್ಬಾಗಿಲಲ್ಲಿ ತೆಂಗಿನ ನಾರಿನ ಕಾಲೊರಸು. ನಾರಿನ ಕಾಲೊರಸಿಗೆ ಕಿಡಿ ಬಿದ್ದರೆ ಜ್ವಾಲೆ ಏಳುವುದಿಲ್ಲ. ಕೆಂಪಗೆ ಕನಲುತ್ತಾ ಬಾಗಿಲ ಬುಡದ ಕಟ್ಟನ್ನು ಹಿಡಿಯುತ್ತದೆ. ಬೇಸಿಗೆಯ ನಾಲ್ಕು ತಿಂಗಳು ಅದನ್ನು ಒಳಗಿಡಿ.

ಆ ಪಟ್ಟಿಯಲ್ಲಿ ಜಲ್ಲಿ, ಜಂಬಿಟ್ಟಿಗೆಯ ಚೂರು, ಕಲ್ಲುಚಪ್ಪಡಿ ಅಥವಾ ಸಗಣಿ ಸಾರಿಸಿದ ಬರಿ ನೆಲ ಇರಲಿ. ಸೂರಿನ ನೀರು ಬೀಳುವ ಸಾಲಿಗೆ ಅರ್ಧ ಅಡಿ ದಪ್ಪ ಜಲ್ಲಿ ಹಾಕಿದರೆ ಮಳೆಗಾಲದಲ್ಲಿ ಗೋಡೆಗೆ ಕೆಸರು ಸಿಡಿಯುವುದೂ ತಪ್ಪುತ್ತದೆ. ಅಂದಕ್ಕೆ ಬೆಳೆಸಿದ ತುಜಾದಂಥ ಗಿಡಗಳನ್ನು ಕಿಟಕಿ ಕೆಳಗಿನಿಂದ ತೆಗೆಯಿರಿ. ಹೊರಗೆ ಹಸಿರು ಕಂಡರೂ ಒಳಗೆಲ್ಲ ಒಣ ಕಡ್ಡಿ. ಎಣ್ಣೆ ಹಾಕಿದಂತೆ ಉರಿಯುತ್ತದೆ.

ಅನಿಲ ಸಿಲಿಂಡರ್ ಹೊರಗಿಟ್ಟಿದ್ದರೆ ಇಟ್ಟಿಗೆಯ ಗೂಡಿನಲ್ಲಿರಲಿ, ಸುತ್ತ 3 ಮೀಟರ್ ಕಸಕಡ್ಡಿ ಇರದಿರಲಿ. ಸುರಕ್ಷಾ ಕವಾಟವಿದ್ದರೆ ಅದು ಕಿಟಕಿಯತ್ತ ಮುಖ ಮಾಡದಂತೆ ನಿಲ್ಲಿಸಿ. ಬಿಸಿಗೆ ಒತ್ತಡ ಏರಿದಾಗ ಅನಿಲ ಹೊರಬೀಳುವುದು ಅಲ್ಲಿಂದ.

ಅಂಗಳದ ಚಪ್ಪರ

ಇದನ್ನು ಬೇರೆಯಾಗಿಯೇ ಹೇಳಬೇಕು. ಅಡಿಕೆ ಮರದ ಕಂಬ ನೆಟ್ಟು, ದಬ್ಬೆ ಹಾಸಿ, ಮೇಲೆ ಸೋಗೆ ಹೊದೆಸಿದ ಚಪ್ಪರವಿಲ್ಲದೆ ಮಲೆನಾಡಿನ ಬೇಸಿಗೆ ಕಳೆಯುವುದಿಲ್ಲ. ಜಗಲಿ ತಂಪಾಗಿರುವುದೇ ಅದರಿಂದ. ಆದರೆ ಮಾರ್ಚ್ ಹೊತ್ತಿಗೆ ಆ ಸೋಗೆ ಹಪ್ಪಳದಂತೆ ಒಣಗಿರುತ್ತದೆ. ಗರಿಯ ಮಡಿಕೆಯೊಳಗೆ ಒಂದು ಕಿಡಿ ಕೂತರೆ ಗಾಳಿಯೇ ಅದನ್ನು ಊದಿ ಊದಿ ಹೊತ್ತಿಸುತ್ತದೆ. ಚಪ್ಪರದ ಒಂದು ತುದಿ ಅಂಗಳದ ಅಂಚಿನಲ್ಲಿ, ಇನ್ನೊಂದು ತುದಿ ಜಗಲಿಯ ಮಾಡಿನ (ಚಾವಣಿಯ) ಕೆಳಗೆ. ಸೂರಿನ ಪಕಾಸಿಯ (ಹೆಂಚು ಹೊರುವ ಮರದ ತೊಲೆಯ) ತುದಿಗೂ ಸೋಗೆಗೂ ನಡುವೆ ಗೇಣು ಅಂತರವೂ ಇರುವುದಿಲ್ಲ. ಅಂಚಿಗೆ ಬಿದ್ದ ಕಿಡಿಯನ್ನು ಪಕಾಸಿಗೆ ಒಯ್ಯಲು ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ.

ಚಪ್ಪರವೇ ಬೇಡವೆಂದರೆ ಯಾರೂ ಕೇಳುವುದಿಲ್ಲ. ಹೀಗೆ ಮಾಡಿ: ಮಾಡಿನ ಅಂಚಿಗೂ ಚಪ್ಪರಕ್ಕೂ ಕನಿಷ್ಠ 2 ಮೀಟರ್ ಅಂತರ ಬಿಡಿ. ಆ ಖಾಲಿಯಲ್ಲಿ ನೆರಳು ಬೇಕೇಬೇಕೆಂದರೆ ಕಬ್ಬಿಣದ ಪೈಪಿಗೆ ಜಿಐ ತಗಡಿನ ಒಂದು ಸಾಲು ಹಾಕಿ. ಸೋಗೆಯನ್ನು ದಬ್ಬೆಗೆ ಬಿಗಿಯಾಗಿ ಹೆಣೆಯದೆ, ಎರಡು ಹಗ್ಗ ಕತ್ತರಿಸಿದರೆ ಪೂರ್ತಿ ಕೆಳಗೆ ಜಾರುವಂತೆ ಕಟ್ಟಿ. ಬೆಂಕಿ ಬೆಟ್ಟ ಇಳಿಯುತ್ತಿದೆ ಎಂದಾಗ ಇಬ್ಬರು ಹತ್ತು ನಿಮಿಷದಲ್ಲಿ ಎಳೆದು ಹಾಕಬಹುದು. ಸೋಗೆಯ ಬದಲು ಹಸಿರು ಶೇಡ್‌ನೆಟ್ ಹಾಕುವುದು ಪರಿಹಾರವಲ್ಲ. ಅದು ಕರಗಿ, ಉರಿಯುವ ಹನಿಗಳಾಗಿ ತೊಟ್ಟಿಕ್ಕುತ್ತದೆ. ಅಡಿಕೆ ಹರವಿದ ಪ್ಲಾಸ್ಟಿಕ್ ಹಾಳೆಯೂ ಅಷ್ಟೇ.

ಚಪ್ಪರದಷ್ಟೇ ಗಮನ ಕೊಡಬೇಕಾದ್ದು ಅಡಿಕೆ ಸಿಪ್ಪೆಯ ರಾಶಿಗೆ. ಕಿಡಿ ಬಿದ್ದರೆ ಅದು ಒಳಗೊಳಗೇ ಕನಲುತ್ತದೆ; ಮೇಲೆ ಎರಡು ಕೊಡ ನೀರು ಸುರಿದು ಆರಿತು ಎಂದು ಬಿಟ್ಟರೆ ಮೂರನೇ ದಿನ ಮತ್ತೆ ಹೊಗೆ. ರಾಶಿಯನ್ನು ಮನೆ, ಕೊಟ್ಟಿಗೆಯಿಂದ 30 ಮೀಟರ್ ಆಚೆ, ತೋಟದ ತೇವದ ನೆಲದಲ್ಲಿ ಹಾಕಿ. ತೆಳ್ಳಗೆ ಹರಡಿ ಮರದ ಬುಡಕ್ಕೆ ಕೊಟ್ಟುಬಿಟ್ಟರೆ ಇನ್ನೂ ಒಳ್ಳೆಯದು.

ಸೂರು, ಅಟ್ಟ, ಕಿಟಕಿ

ಜಂಬಿಟ್ಟಿಗೆ ಗೋಡೆ, ಮಂಗಳೂರು ಹೆಂಚು, ಎರಡೂ ಉರಿಯುವುದಿಲ್ಲ. ಆದ್ದರಿಂದ ಹಳೆಯ ಹೆಂಚಿನ ಮನೆ ಬೆಂಕಿಗೆ ಜಗ್ಗುವುದಿಲ್ಲ ಎಂಬ ನಂಬಿಕೆ ಇದೆ. ಏಣಿ ಹಾಕಿ ಸೂರಿನ ಕೆಳಗೆ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಗೋಡೆಯ ತಲೆಗೂ ಹೆಂಚಿಗೂ ನಡುವೆ, ಪಕಾಸಿಯಿಂದ ಪಕಾಸಿಗೆ, ನಾಲ್ಕೈದು ಇಂಚಿನ ಬಾಯಿಗಳು ಸಾಲಾಗಿ ತೆರೆದಿವೆ. ಅಲ್ಲಿ ಇಲಿ ತಂದಿಟ್ಟ ಹುಲ್ಲಿನೆಳೆ, ಗುಬ್ಬಿಯ ಹಳೆ ಗೂಡು, ಹೆಂಚಿನ ಸಂದಿನಿಂದ ಉದುರಿದ ಎಲೆಪುಡಿ, ಜೇಡರ ಬಲೆ. ಒಳಗೆ ಅಟ್ಟದ ಮೇಲೆ ಹಳೆ ಪೇಪರು, ಹೊದಿಕೆ, ಅಡಿಕೆ ಚೀಲ. ಗೋಡೆಗೆ ಹೊಡೆದ ಗಾಳಿ ಮೇಲೆ ತಿರುಗಿ ನೇರ ಆ ಬಾಯಿಗಳಿಗೆ ನುಗ್ಗುತ್ತದೆ, ಕಿಡಿಯ ಸಮೇತ.

ಮೊದಲ ಕೆಲಸ ಗುಡಿಸುವುದು. ಎರಡನೆಯದು ಜಾಲರಿ. ಬಾಯಿಗಳಿಗೆ 2 ಮಿಲಿಮೀಟರ್‌ಗಿಂತ ದೊಡ್ಡದಲ್ಲದ ಕಣ್ಣಿನ ಲೋಹದ ಜಾಲರಿ ಬಡಿಯಿರಿ. ಕೋಳಿಗೂಡಿನ ಜಾಲರಿಯ ಕಣ್ಣು ತೀರಾ ದೊಡ್ಡದು, ನೈಲಾನ್ ಸೊಳ್ಳೆಪರದೆ ಕರಗುತ್ತದೆ. ಜಿಐ ಜಾಲರಿ ನಮ್ಮ ಮಳೆಗೆ ಕೆಲವೇ ವರ್ಷದಲ್ಲಿ ತುಕ್ಕು ಹಿಡಿದು ಬೆರಳಿಗೇ ಪುಡಿಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದು ದುಬಾರಿಯಾದರೂ ಒಮ್ಮೆ ಹಾಕಿ ಮರೆಯಬಹುದು. ಮೂಲೆಗಳಲ್ಲಿ ಸಂದು ಉಳಿಯದಂತೆ ಮರದ ಪಟ್ಟಿ ಇಟ್ಟು ಸ್ಕ್ರೂ ಹಾಕಿ.

ಕೆಲವರು ಈ ಬಾಯಿಗಳನ್ನು ಸಿಮೆಂಟಿನಿಂದ ಪೂರ್ತಿ ಮುಚ್ಚಿಬಿಡುತ್ತಾರೆ. ತಪ್ಪು ಅದು. ಮನೆ ಉಸಿರಾಡುವುದೇ ಅಲ್ಲಿಂದ. ಮುಚ್ಚಿದರೆ ಮಳೆಗಾಲದ ತೇವ ಒಳಗೇ ನಿಂತು ಪಕಾಸಿಯ ತುದಿ ಕೊಳೆಯುತ್ತದೆ, ಹಿಂದೆಯೇ ಗೆದ್ದಲು ಬರುತ್ತದೆ. ಜಾಲರಿಯೂ ಮಸಿ, ಬಲೆಯಿಂದ ಕಟ್ಟಿಕೊಳ್ಳುವುದರಿಂದ ವರ್ಷಕ್ಕೊಮ್ಮೆ ಬ್ರಷ್ ಆಡಿಸಬೇಕು. ಒಡೆದ, ಸರಿದ ಹೆಂಚನ್ನು ಹೇಗೂ ಮಳೆಗೆ ಮೊದಲು ಸರಿಪಡಿಸುತ್ತೇವೆ. ಆ ಕೆಲಸವನ್ನು ಮೇ ತಿಂಗಳಿಂದ ಜನವರಿಗೆ ಎಳೆದುಕೊಳ್ಳಿ, ಅಷ್ಟೇ. ಹೆಂಚು ಹೇಗೂ ಬಿಚ್ಚಿದ್ದರೆ ಅಡಿಯಲ್ಲಿ ಸೀಲಿಂಗ್ ಹೆಂಚಿನ ಇನ್ನೊಂದು ಪದರ ಕೊಡಿಸಿ. ಕಿಡಿಗೆ ಎರಡನೇ ತಡೆ, ಬೇಸಿಗೆಗೆ ತಂಪು.

ಗಟರ್ ಪ್ಲಾಸ್ಟಿಕ್‌ನದಾಗಿದ್ದರೆ ಅದರೊಳಗಿನ ಎಲೆಗೆ ಕಿಡಿ ಹತ್ತಿ, ಗಟರ್ ಕರಗಿ ಬೀಳುವ ಮೊದಲು ರೀಪಿಗೆ ಬೆಂಕಿ ತಗಲಿಸಿರುತ್ತದೆ. ಜಿಐ ಅಥವಾ ಅಲ್ಯೂಮಿನಿಯಂ ಹಾಕಿ; ಏನೇ ಇರಲಿ, ಸಂಕ್ರಾಂತಿ, ಶಿವರಾತ್ರಿ, ಯುಗಾದಿಗೆ ಒಂದೊಂದು ಸಲ ಎಲೆ ಬಳಿಯಿರಿ. ತಗಡಿನ ಮಾಡಿನ ಅಲೆಯಂಚಿನ ತೂತುಗಳನ್ನು ಗಾರೆಯಿಂದ ಮುಚ್ಚಬಹುದು. ಸಿಮೆಂಟ್ ಶೀಟು ಬಿಸಿಗೆ ಸಿಡಿದು ಚೂರಾಗುತ್ತದೆ, ಅದರ ಕೆಳಗೆ ನಿಂತು ನೀರು ಹೊಡೆಯಬೇಡಿ. ಬೆಳಕಿಗೆಂದು ಹಾಕಿದ ಫೈಬರ್ ಶೀಟಿಗಿಂತ ಗಾಜಿನ ಹೆಂಚು ಎಷ್ಟೋ ಮೇಲು.

ಕಿಟಕಿಯ ತೆಳು ಗಾಜು ಜ್ವಾಲೆ ತಾಗದೆಯೂ ಬರೀ ಕಾವಿಗೆ ಬಿರಿಯುತ್ತದೆ. ಹಳೆಯ ಮನೆಗಳ ಒಂದೂವರೆ ಇಂಚು ದಪ್ಪದ ಹಲಸಿನ ಕದವನ್ನು ಕಿತ್ತು ಗಾಜು ಹಾಕಿಸುವವರು ಆ ಕದವನ್ನು ಹೊರಗಡೆಗಾದರೂ ಉಳಿಸಿಕೊಳ್ಳಲಿ.

ಹೊಸದಾಗಿ ಕಟ್ಟುವವರಿಗೆ ಜಾಗದ ಆಯ್ಕೆಯೇ ಅರ್ಧ ಕೆಲಸ. ಇಳಿಜಾರಿನ ನೆತ್ತಿಗೆ, ನೋಟ ಚೆನ್ನಾಗಿದೆ ಎಂದು ಅಂಚಿಗೇ ಕಟ್ಟಿದ ಮನೆಗೆ ಕೆಳಗಿನಿಂದ ಓಡಿ ಬರುವ ಬೆಂಕಿಯ ಪೂರ್ತಿ ಹೊಡೆತ. ಅಂಚಿನಿಂದ 10 ಮೀಟರ್ ಆದರೂ ಹಿಂದೆ ಸರಿಯಿರಿ. ಧರೆ ಕಡಿದು ಅದರ ಬುಡಕ್ಕೆ ಕಟ್ಟಿದ ಮನೆಗೆ ಮಳೆಗಾಲದ ಭಯ. ಗೋಡೆಗೂ ಧರೆಗೂ ನಡುವೆ ಧರೆಯ ಎತ್ತರದಷ್ಟಾದರೂ ಬಯಲು ಇರಲಿ. ಆ ಬಯಲು ಬೆಂಕಿಗೂ ತಡೆಯಾಗುತ್ತದೆ.

ಕೊಟ್ಟಿಗೆ

ಹುಲ್ಲನ್ನು ಕೊಟ್ಟಿಗೆಯ ಅಟ್ಟದಲ್ಲಿ ತುಂಬುವುದು ಹಳೆಯ ರೂಢಿ, ಮಳೆಗಾಲಕ್ಕೆ ಅದೇ ಅನುಕೂಲ. ಬೇಸಿಗೆಯಲ್ಲಿ ಅಟ್ಟದಲ್ಲಿ ವಾರಕ್ಕಾಗುವಷ್ಟು ಮಾತ್ರ ಇಟ್ಟು, ಉಳಿದದ್ದನ್ನು 15–20 ಮೀಟರ್ ಆಚೆ ಬಣವೆ ಹಾಕಿ. ಬಣವೆಯ ಸುತ್ತ 3 ಮೀಟರ್ ನೆಲ ಕೆತ್ತಿ. ಎರಡು ಸಣ್ಣ ಬಣವೆ ಒಂದು ದೊಡ್ಡದಕ್ಕಿಂತ ಒಳ್ಳೆಯದು, ಒಂದು ಹೋದರೂ ಒಂದು ಉಳಿಯುತ್ತದೆ. ದನಗಳನ್ನು ತುದಿ ಎಳೆದರೆ ಬಿಚ್ಚಿಕೊಳ್ಳುವ ಜಾರುಗಂಟಿನಲ್ಲಿ ಕಟ್ಟಿ. ನೈಲಾನ್ ಹಗ್ಗ ದನ ಎಳೆದಷ್ಟೂ ಬಿಗಿಯುತ್ತದೆ, ಹೊಗೆಯಲ್ಲಿ ಬಿಚ್ಚಲು ಬರುವುದಿಲ್ಲ. ಕಂಬಕ್ಕೊಂದು ಕತ್ತಿ ಸಿಕ್ಕಿಸಿಡಿ.

ಹತ್ತು ಮೀಟರ್, ಮೂವತ್ತು ಮೀಟರ್

ಮನೆಯಿಂದ 10 ಮೀಟರ್ ತನಕ ಹುಲ್ಲು ಪಾದ ಮುಳುಗದಷ್ಟಿರಲಿ, ತರಗೆಲೆ ನಿಲ್ಲದಿರಲಿ. ಮರ ಕಡಿಯಬೇಕಿಲ್ಲ. ಮಾವು, ಹಲಸು, ಮುರುಗಲು ನೆರಳು ಕೊಟ್ಟು ನೆಲದ ತೇವ ಉಳಿಸುತ್ತವೆ. ಕೆಳಗಿನ ಕೊಂಬೆಗಳನ್ನು 2 ಮೀಟರ್ ಎತ್ತರದವರೆಗೆ ಸವರಿ, ಮಾಡಿನ ಮೇಲೆ ಚಾಚಿದ್ದನ್ನು ತೆಗೆಯಿರಿ. ನೆಲದಿಂದ ಪೊದೆಗೆ, ಪೊದೆಯಿಂದ ಕೊಂಬೆಗೆ ಏರುವ ಏಣಿ ತಪ್ಪಬೇಕು, ಅಷ್ಟೇ ಉದ್ದೇಶ. ನೀರು ಹಾಯಿಸುವ ಬಾಳೆ, ಅಡಿಕೆ ತೋಟ ಮನೆಯ ಕೆಳಬದಿಗಿದ್ದರೆ ಅದಕ್ಕಿಂತ ಒಳ್ಳೆಯ ಬೇಲಿ ಇಲ್ಲ. ನೀರು ಬಿಟ್ಟು ಒಣಗಿದ, ಸೋಗೆ ಹೆಕ್ಕದ ತೋಟ ಮಾತ್ರ ಬೆಂಕಿಗೆ ದಾರಿಯೇ.

10ರಿಂದ 30 ಮೀಟರ್ ನಡುವೆ ಲಂಟಾನ ಇರಕೂಡದು. ಸವರಿದರೆ ಇಮ್ಮಡಿಯಾಗಿ ಚಿಗುರುತ್ತದೆ. ತಾಯಿಬೇರನ್ನು ನೆಲದಿಂದ ಎರಡು-ಮೂರು ಬೆರಳಿನಷ್ಟು ಕೆಳಗೆ ಕಡಿದು, ಗಿಡವನ್ನು ಬುಡ ಮೇಲಾಗಿ ಅಲ್ಲೇ ನಿಲ್ಲಿಸಿದರೆ ಮತ್ತೆ ಬೇರು ಬಿಡುವುದಿಲ್ಲ. ಹೆಚ್ಚು ಮಣ್ಣು ಕೆದಕದ ವಿಧಾನ ಇದು, ಇಳಿಜಾರಿಗೂ ಹೊಂದುತ್ತದೆ. ಮಣ್ಣು ಹಸಿಯಿರುವ ಅಕ್ಟೋಬರ್-ನವೆಂಬರ್‌ನಲ್ಲಿ ಮಾಡಿ, ಒಣಗಿದ ಗಿಡಗಳನ್ನು ಜನವರಿಯೊಳಗೆ ಸಾಗಿಸಿ. ಒಣ ರಾಶಿಯನ್ನು ಅಲ್ಲೇ ಬಿಟ್ಟರೆ ಮೊದಲಿಗಿಂತ ಕೆಟ್ಟ ಸ್ಥಿತಿ.

ತಂತಿಗೆ ತಾಗುವ ಕೊಂಬೆ, ಬಿದಿರ ಮೆಳೆಯನ್ನು ನೀವೇ ಕಡಿಯಲು ಹೋಗಬೇಡಿ. 1912ಕ್ಕೆ ದೂರು ಕೊಟ್ಟು ಲೈನ್‌ಮನ್ ಕರೆಸಿ.

ಬೆಂಕಿ ಗೆರೆ

ಬೆಂಕಿ ದಾಟದಂತೆ ಒಣ ಎಲೆ, ಹುಲ್ಲು ತೆಗೆದು ಬೆಟ್ಟದ ಅಂಚಿಗೆ ಎಳೆಯುವ ಗೆರೆ ಎಷ್ಟು ಅಗಲ ಇರಬೇಕು? ನೆಲದ ಒಣ ಗಿಡ, ಹುಲ್ಲಿನ ಎತ್ತರದ ಮೂರರಷ್ಟು ಎಂದು ಹಿಡಿಯಿರಿ, ಆದರೆ 3 ಮೀಟರಿಗಿಂತ ಕಡಿಮೆ ಬೇಡ. ತರಗೆಲೆ ಮಾತ್ರ ಇದ್ದರೆ 3 ಮೀಟರ್ ಸಾಕು; ಆಳೆತ್ತರದ ಕರಡವಿದ್ದರೆ 5–6 ಮೀಟರ್ ಬೇಕು, ಅದೂ ಏರುಮುಖವಾದರೆ ಇನ್ನಷ್ಟು.

ಕೆಲಸ ಕೆಡುವುದು ಎರಡು ಕಡೆ. ಮೊದಲನೆಯದು, ಜನವರಿಯಲ್ಲಿ ಒಮ್ಮೆ ಗುಡಿಸಿ ಕೈತೊಳೆದುಕೊಳ್ಳುವುದು. ತೇಗ, ಮತ್ತಿ, ಹೊನ್ನೆ ಎಲೆ ಉದುರಿಸುವುದು ಆಮೇಲೇ. ಫೆಬ್ರುವರಿ ಕೊನೆಗೆ ಗೆರೆಯ ಮೇಲೆ ಮತ್ತೆ ಪಾದ ಮುಚ್ಚುವಷ್ಟು ಎಲೆ. ಬೆಂಕಿ ಆ ಹಾಸಿನ ಮೇಲೆ ಆರಾಮವಾಗಿ ನಡೆದು ಬರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟು, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಗಿ ಬಂದದ್ದೂ ಇದೇ ಹೊತ್ತಿನಲ್ಲಿ. ಶಿವರಾತ್ರಿಯಿಂದ ಮೊದಲ ಒಳ್ಳೆಯ ಮಳೆವರೆಗೆ ಹತ್ತು-ಹದಿನೈದು ದಿನಕ್ಕೊಮ್ಮೆ ಗುಡಿಸಲೇಬೇಕು. ಎಲೆ ಹಾರಿಸುವ ಪೆಟ್ರೋಲ್ ಬ್ಲೋವರ್ ನಾಲ್ಕು ಮನೆ ಸೇರಿ ಒಂದು ಕೊಂಡರೆ ಸಾಕು. ಗುಡಿಸಿದ ತರಗನ್ನು ಗೆರೆಯ ಅಂಚಿಗೆ ರಾಶಿ ಹಾಕದೆ ಕೊಟ್ಟಿಗೆಗೆ ಹೊರಿಸಿ. ದನದ ಕಾಲಡಿಗೆ ಹಾಸಿದ್ದು ಗೊಬ್ಬರವಾಗುತ್ತದೆ. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು, ತರಗು ತರಲು ಬಿಟ್ಟ ಕಾಡಿನ) ತರಗು ಒಟ್ಟುಮಾಡುವ ಹಳೆಯ ಪದ್ಧತಿ ನಿಂತ ಕಡೆಗಳಲ್ಲಿ ನೆಲದ ಮೇಲೆ ಬೆಂಕಿಯ ಮೇವು ವರ್ಷ ವರ್ಷಕ್ಕೆ ದಪ್ಪಗಾಗಿದೆ ಎಂಬುದನ್ನು ಯಾರೂ ಕಣ್ಣಾರೆ ನೋಡಬಹುದು.

ಎರಡನೆಯ ತಪ್ಪು ಜೆಸಿಬಿ. ಒಂದೇ ದಿನದಲ್ಲಿ ಬೆಟ್ಟದ ಸುತ್ತ ಕೆಂಪು ರಸ್ತೆ ಮಾಡಿ ಕೊಡುತ್ತದೆ, ಜುಲೈನಲ್ಲಿ ಅದೇ ಕಾಲುವೆಯಾಗಿ ಧರೆಯ ತಲೆಗೆ ನೀರು ತಂದು ನಿಲ್ಲಿಸುತ್ತದೆ. ಇಳಿಜಾರಿನಲ್ಲಿ 3 ಮೀಟರ್ ಅಗಲ ಎಲೆ ಮಾತ್ರ ಗುಡಿಸಿ, ನಡುವೆ ಒಂದೂವರೆ ಅಡಿ ಅಗಲ ಮಾತ್ರ ಗುದ್ದಲಿಯಿಂದ ಮಣ್ಣು ಕಾಣುವಂತೆ ಕೆತ್ತಿ. ಗಿಡಗಳನ್ನು ಕೀಳಬೇಡಿ, ನಾಲ್ಕು ಇಂಚು ಬಿಟ್ಟು ಕತ್ತರಿಸಿ. ಬೇರು ಮಣ್ಣನ್ನು ಹಿಡಿದಿರುತ್ತದೆ. ಗೆರೆ ಸಮಮಟ್ಟವಾಗಿ ಸಾಗುವಲ್ಲಿ ಅದರ ಕೆಳ ಅಂಚಿಗೆ ಮೊಣಕಾಲಾಳದ ಬೋಗುಣಿಯಂಥ ಅಗಳ ತೋಡಿದರೆ ಮೇಲಿನಿಂದ ಉರುಳುವ ಕೊಳ್ಳಿ ಅದರಲ್ಲಿ ನಿಲ್ಲುತ್ತದೆ. ಗೆರೆ ಇಳಿಯುವ ಕಡೆಗಳಲ್ಲಿ 20–30 ಮೀಟರಿಗೊಂದು ಓರೆಯಾದ ಕಲ್ಲಿನ ಅಡ್ಡ ಒಡ್ಡು ಕೊಟ್ಟು, ನೀರು ಹುಲ್ಲಿರುವ ಬದಿಗೆ ತಿರುಗುವಂತೆ ಮಾಡಿ.

ಸೊಪ್ಪಿನ ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ತರಗಿನ ಹಕ್ಕು. ಮರ ಕಡಿಯಲು, ಅಗಳ ತೆಗೆಯಲು ಹೊರಡುವ ಮೊದಲು ಅರಣ್ಯ ಇಲಾಖೆಯ ಬೀಟ್ ಸಿಬ್ಬಂದಿಗೆ ತಿಳಿಸಿ. ಸ್ವಂತ ಜಮೀನಿನ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಅನುಮತಿ ಬೇಕಾಗಬಹುದು. ಇಲಾಖೆ ಗೆರೆಯನ್ನು ಮೊದಲೇ ಸುಡುವುದನ್ನು ನೋಡಿ ನೀವೂ ಕಡ್ಡಿ ಗೀರಬೇಡಿ. ಇಬ್ಬನಿ, ಗಾಳಿ, ಜನ ಮೂರೂ ಲೆಕ್ಕದಲ್ಲಿರಬೇಕಾದ ಕೆಲಸ ಅದು. ಕೈ ತಪ್ಪಿದರೆ ಪಕ್ಕದವರ ಬೆಟ್ಟ.

ನೀರು

ಬೆಂಕಿ ಬಂದಾಗ ಕರೆಂಟ್ ಇರುವುದಿಲ್ಲ ಎಂದೇ ಲೆಕ್ಕ ಹಾಕಿ. ಪಂಪ್‌ಸೆಟ್ಟನ್ನು ನಂಬಿದವರ ಕೈಗೆ ಕೊನೆಗೆ ಸಿಗುವುದು ಕೊಡಪಾನ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ಎಚ್‌ಟಿಪಿ ಎಂಬ ಅಧಿಕ ಒತ್ತಡದ ಪಂಪು ಅಡಿಕೆ ಬೆಳೆಗಾರರ ಮನೆಯಲ್ಲಿ ಹೇಗೂ ಇರುತ್ತದೆ. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿನದಾದರೆ ಅದೇ ನಿಮ್ಮ ಅಗ್ನಿಶಾಮಕ ಯಂತ್ರ. ನಿಮಿಷಕ್ಕೆ ಸುಮಾರು 20–30 ಲೀಟರ್ ಕೊಡುತ್ತದೆ. 2,000 ಲೀಟರ್ ತೊಟ್ಟಿ ಒಂದು ತಾಸಿಗಿಂತ ಹೆಚ್ಚು ಬಾಳುತ್ತದೆ. ಕೊಳೆರೋಗದ ಕೆಲಸ ಮುಗಿದ ಮೇಲೆ ತೊಳೆಯದೆ ಇಟ್ಟ ಪಂಪಿನಲ್ಲಿ ಸುಣ್ಣ ಗಟ್ಟಿಯಾಗಿ ವಾಲ್ವ್ ಕಚ್ಚಿಕೊಂಡಿರುತ್ತದೆ. ಜನವರಿಯಲ್ಲಿ ಬಿಚ್ಚಿ ತೊಳೆದು, ಎಂಜಿನ್ ಎಣ್ಣೆ ನೋಡಿ, ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಓಡಿಸಿ. ಪೈಪು ಮನೆಯನ್ನು ಪೂರ್ತಿ ಸುತ್ತುವಷ್ಟಿರಲಿ.

ಬೆಟ್ಟದಿಂದ ಗ್ರಾವಿಟಿ ನೀರು ಇರುವವರಿಗೆ ಮೋಟಾರು ಬೇಡ. ಪ್ರತಿ 10 ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ. ಆದರೆ ನೆಲದ ಮೇಲೆ ಎಳೆದ ಕಪ್ಪು ಪೈಪು ಬೆಂಕಿ ಮನೆ ಮುಟ್ಟುವ ಮೊದಲೇ ಕರಗಿ, ನೀರು ಕಾಡಿನಲ್ಲೇ ಹರಿದುಹೋಗುತ್ತದೆ. ಗೆರೆಯ ಆಚೆ ಕಡೆ ಕನಿಷ್ಠ 50 ಮೀಟರ್ ಉದ್ದಕ್ಕೆ ಒಂದಡಿ ಆಳದಲ್ಲಿ ಹೂಳಿ. ಪ್ಲಾಸ್ಟಿಕ್ ಟ್ಯಾಂಕಿನ ಬುಡದ ಹುಲ್ಲು ಕೆತ್ತಿಡಿ.

ಹೊಗೆ ಕಂಡ ದಿನ

ಮೊದಲು ಫೋನ್: ಅರಣ್ಯ ಇಲಾಖೆಗೆ 1926, ಅಗ್ನಿಶಾಮಕ ದಳಕ್ಕೆ 101 ಅಥವಾ 112. ಭಾರತೀಯ ಅರಣ್ಯ ಸರ್ವೇಕ್ಷಣೆಯ ಜಾಲತಾಣದಲ್ಲಿ ಮೊಬೈಲ್ ನಂಬರ್ ನೋಂದಾಯಿಸಿದವರಿಗೆ ಉಪಗ್ರಹ ಕಂಡ ಬೆಂಕಿಯ ಸೂಚನೆ ಎಸ್‌ಎಂಎಸ್‌ನಲ್ಲಿ ಬರುತ್ತದೆ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ಹಾಯುತ್ತದೆ, ಅದರ ಒಂದು ಚುಕ್ಕಿ 375 ಮೀಟರ್‌ನಷ್ಟು ಜಾಗ. ಪಕ್ಕದ ಮನೆಯವರ ಕೂಗು ಅದಕ್ಕಿಂತ ಬೇಗ.

ನಂತರ ಈ ಕ್ರಮದಲ್ಲಿ: ವಯಸ್ಸಾದವರು, ಮಕ್ಕಳು ರಸ್ತೆ ಕಡೆಗೆ. ದನ ಬಿಚ್ಚುವುದು. ಚಪ್ಪರ ಎಳೆಯುವುದು. ಸಿಲಿಂಡರಿನ ವಾಲ್ವ್ ಮುಚ್ಚುವುದು. ಕಿಟಕಿ, ಬಾಗಿಲು ಹಾಕುವುದು, ಚಿಲಕ ಮಾತ್ರ, ಬೀಗ ಬೇಡ. ಮೈಮೇಲೆ ತುಂಬುತೋಳಿನ ಹತ್ತಿ ಬಟ್ಟೆ, ಕಾಲಿಗೆ ಬೂಟು. ಪಾಲಿಯೆಸ್ಟರ್ ಚರ್ಮಕ್ಕೆ ಅಂಟಿಕೊಂಡು ಕರಗುತ್ತದೆ. ಜ್ವಾಲೆ ಸೊಂಟಕ್ಕಿಂತ ಮೇಲಿದ್ದರೆ ಹತ್ತಿರ ಹೋಗಿ ನಂದಿಸುವ ಮಾತೇ ಬೇಡ.

ಸೊಂಟಕ್ಕಿಂತ ಕೆಳಗಿದ್ದರೆ ಬೆಂಕಿಯ ಎದುರಿಗೆ ನಿಲ್ಲದೆ, ಸುಟ್ಟು ಹೋದ ಜಾಗದಿಂದ ಪಕ್ಕೆಗೆ ಬನ್ನಿ. ಏರಿನಲ್ಲಿ ಬೆಂಕಿಗಿಂತ ಮೇಲೆ ಯಾವತ್ತೂ ನಿಲ್ಲಬೇಡಿ. ಅಗಲೆಲೆಯ ಹಸಿ ಟೊಂಗೆ, ಆಳೆತ್ತರದ್ದು, ಎಲ್ಲರಿಗೂ ಗೊತ್ತಿರುವ ಆಯುಧ. ಬಳಸುವ ರೀತಿಯಲ್ಲೇ ಹೆಚ್ಚಿನವರು ತಪ್ಪುವುದು. ಎತ್ತಿ ಬಡಿದರೆ ಕಿಡಿ ಎದ್ದು ಗೆರೆ ದಾಟುತ್ತದೆ. ಟೊಂಗೆಯನ್ನು ಜ್ವಾಲೆಯ ಬುಡಕ್ಕೆ ಒತ್ತಿ, ಒಂದು ಕ್ಷಣ ಹಿಡಿದು, ಸುಟ್ಟ ಕಡೆಗೆ ಗುಡಿಸಿದಂತೆ ಎಳೆಯಿರಿ. ಉಸಿರು ಕಟ್ಟುತ್ತದೆ, ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ನೀರನ್ನು ಜ್ವಾಲೆಗೆ ಎರಚದೆ ಅದರ ಬುಡಕ್ಕೂ ಮಾಡಿನ ಅಂಚಿಗೂ ಉಳಿಸಿ.

ಒಬ್ಬರು ಏಣಿಯ ಹತ್ತಿರ ಮಾಡು ನೋಡುತ್ತಾ ಇರಬೇಕು, ಬೆಂಕಿ ದಾಟಿದ ಮೇಲೂ. ಅರ್ಧ ಗಂಟೆಗೊಮ್ಮೆ ಅಟ್ಟ, ಸೂರು, ಗಟರ್, ಕಟ್ಟಿಗೆ ರಾಶಿ, ಸಿಪ್ಪೆ ಗುಡ್ಡೆ ಸುತ್ತಿ. ಕನಿಷ್ಠ ಆ ರಾತ್ರಿ ಪೂರ್ತಿ. ಕಡಿದ ಮರದ ಕುಂಟೆ, ಒಣ ಸಗಣಿ, ಪೊಟರೆ ಬಿದ್ದ ಮರ ಎರಡು ದಿನದವರೆಗೂ ಒಳಗೆ ಉರಿಯುತ್ತವೆ. ಅಂಗೈಯಿಂದ ಮುಟ್ಟದೆ ಮುಂಗೈಯನ್ನು ಹತ್ತಿರ ಹಿಡಿದು ಕಾವು ನೋಡಿ. ಪೊಟರೆಯ ಮರದ ಕೆಳಗೆ ಹೋಗಬೇಡಿ, ಸದ್ದಿಲ್ಲದೆ ಬೀಳುತ್ತದೆ.

ಮೇ ತಿಂಗಳ ಲೆಕ್ಕ

ಸುಟ್ಟ ಇಳಿಜಾರಿನ ಮಣ್ಣು ಮೊದಲ ಮಳೆಗೆ ಕೊಚ್ಚಿಹೋಗುತ್ತದೆ. ನಿಂತಿರುವ ಸುಟ್ಟ ಗಿಡಗಳನ್ನು ಕಡಿದು, ಇಳಿಜಾರಿಗೆ ಅಡ್ಡಲಾಗಿ ನೆಲಕ್ಕೆ ತಾಗುವಂತೆ ಮಲಗಿಸಿ ಗೂಟ ಹೊಡೆಯಿರಿ. ಮೇಲೆ ಹಸಿ ಸೊಪ್ಪು ಹಾಸಿ. ಮಳೆ ಹಿಡಿದ ಮೇಲೆ ಧರೆಯ ತಲೆಗೆ ಲಾವಂಚವನ್ನು ಗೇಣಿಗೊಂದರಂತೆ ಸಾಲಾಗಿ ನೆಡಿ. ಮನೆಯ ಮೇಲ್ಬದಿಯ ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ಬೇಡ; ಬೇರೆ ಕಡೆ ಪುಣ್ಯದ ಕೆಲಸವಾದದ್ದು ಅಲ್ಲಿ ಧರೆಯ ಹೊಟ್ಟೆಗೆ ನೀರು ತುಂಬುತ್ತದೆ.

ಕೊಳ್ಳಿ ಹಿಡಿಯಲೆಂದು ಗೆರೆಯ ಅಂಚಿಗೆ ತೋಡಿದ ಅಗಳವೂ ಅಂಥದೇ. ಮೇ 20ರೊಳಗೆ ಅದನ್ನು ಮಣ್ಣು ಹಾಕಿ ಮುಚ್ಚಿ, ಇಲ್ಲವೇ ಒಂದು ತುದಿ ಒಡೆದು ನೀರು ಹಳ್ಳಕ್ಕೆ ಹೋಗುವಂತೆ ಬಿಡಿ. ಒಡೆದ ಜಾಗಕ್ಕೆ ಕಲ್ಲು ಜೋಡಿಸದಿದ್ದರೆ ಅದೇ ಕೊರಕಲಾಗುತ್ತದೆ. ಮೊದಲ ದೊಡ್ಡ ಮಳೆಯ ಮಾರನೇ ದಿನ ಗೆರೆಯುದ್ದಕ್ಕೂ ನಡೆದು, ಎಲ್ಲಿ ನೀರು ನಿಂತಿದೆ, ಧರೆಯ ತಲೆಯಲ್ಲಿ ಎಲ್ಲಿ ಬಿರುಕು ಬಿಟ್ಟಿದೆ ಎಂದು ಗುರುತು ಹಾಕಿಕೊಳ್ಳಿ. ಮುಂದಿನ ಡಿಸೆಂಬರ್‌ನಲ್ಲಿ ಗೆರೆಯನ್ನು ಆ ಜಾಗ ಬಿಟ್ಟು ಎಳೆಯಬೇಕು.